ಒಲೆಯ ಉರಿ ಯಾರ ಲೆಕ್ಕಕ್ಕೆ? – ಆಫ್ರಿಕದ ದಕ್ಷಿಣ ನಾಡುಗಳ ಸೌದೆಯ ಇತಿಹಾಸ

ಗೃಹಸ್ಥಜೀವನವು ಹಿಂಸೆಯಿಂದ ಸಂಪೂರ್ಣವಾಗಿ ಮುಕ್ತವಾಗಿರಲಾರದೆಂಬುದನ್ನು ಜೈನಾಚಾರ್ಯರು ಎಂದೂ ಮರೆಮಾಚಿಲ್ಲ. ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಪೊರಕೆ – ಇವೈದನ್ನು ಶ್ರಾವಕಾಚಾರದ ವ್ಯಾಖ್ಯಾನಕಾರರು ಪಂಚಸೂನಗಳೆಂದು, ಎಂದರೆ ಮನೆಯೊಳಗಿನ ಐದು ಹಿಂಸಾಸ್ಥಾನಗಳೆಂದು ಹೆಸರಿಸಿದ್ದಾರೆ. ಇವುಗಳಲ್ಲಿ ಒಲೆಯ ಸ್ಥಾನ ವಿಶೇಷವಾದುದು. ಉರಿಯೇ ತೇಜಸ್ಕಾಯಿಕ ಜೀವಗಳ ನೆಲೆ. ಕಟ್ಟಿಗೆ ಹಸಿಯಾಗಿದ್ದರೆ ಅದು ವನಸ್ಪತಿಕಾಯಿಕ ಜೀವಗಳ ಘಾತ. ಒಣಸೌದೆಯ ಬಿರುಕುಗಳಲ್ಲಿ ಅಡಗಿರುವ ಇರುವೆ, ಗೆದ್ದಲು, ಹುಳುಗಳು ತ್ರಸಜೀವಗಳು. ಆದುದರಿಂದಲೇ ಸೌದೆಯನ್ನು ಕೊಡವಿ, ಕಣ್ಣಿಟ್ಟು ನೋಡಿ, ಅನಂತರ ಒಲೆಗಿಡುವ ಪದ್ಧತಿ ಶ್ರಾವಕರ ಮನೆಗಳಲ್ಲಿ ಬೆಳೆದು ಬಂದಿತು. ಅಡುಗೆಯ ಅನಿಲ ಬಂದ ಮೇಲೆ ಆ ಪದ್ಧತಿ ಮರೆಯಾಗುತ್ತಿದೆ. ಅದರ ಹಿಂದಿದ್ದ ವಿವೇಕವು ಮರೆಯಾಗಬಾರದು.

ಆ ವಿವೇಕದ ಇನ್ನೊಂದು ಮುಖವನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ತೋರಿಸಿಕೊಟ್ಟಿದೆ. ಕರ್ಮವು ಕೈಯಾರೆ ಮಾಡಿದವನಿಗೆ ಮಾತ್ರ ಅಂಟುವುದಿಲ್ಲ. ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದುದನ್ನು ಒಪ್ಪುವುದು – ಕೃತ, ಕಾರಿತ, ಅನುಮತ – ಈ ಮೂರೂ ಆಸ್ರವದ ದ್ವಾರಗಳೇ. ಜಪಮಾಲೆಯ ನೂರೆಂಟು ಮಣಿಗಳಿಗೆ ಹೇಳುವ ಗಣನೆಯಲ್ಲಿ ಈ ಮೂರೂ ಸೇರಿವೆ. ಈ ತತ್ತ್ವವನ್ನು ಒಲೆಗೆ ಅನ್ವಯಿಸಿದಾಗ ಒಂದು ಪ್ರಶ್ನೆ ಎದುರಾಗುತ್ತದೆ. ಒಂದು ನಾಡಿನ ಕಾಡು ಸವೆದುಹೋದರೆ ಆ ದೋಷವನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಸೌದೆಯ ಹೊರೆ ಹೊತ್ತು ತಂದ ಹೆಣ್ಣುಮಗಳ ಲೆಕ್ಕಕ್ಕೋ, ಆಕೆಯನ್ನು ಆ ಸ್ಥಿತಿಗೆ ತಂದವರ ಲೆಕ್ಕಕ್ಕೋ?

ಈ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರ ಹುಡುಕುವವರಿಗೆ ಆಫ್ರಿಕ ಖಂಡದ ದಕ್ಷಿಣ ನಾಡುಗಳು ಒಂದು ತೆರೆದ ಪುಸ್ತಕದಂತಿವೆ. ದಕ್ಷಿಣ ಆಫ್ರಿಕ, ಲೆಸೊಥೊ, ಬೋಟ್ಸ್ವಾನ, ನಮೀಬಿಯ, ಜಿಂಬಾಬ್ವೆ, ಜಾಂಬಿಯ, ಮಲಾವಿ, ಮೊಜಾಂಬಿಕ್ – ಈ ದೇಶಗಳಿರುವ ಭೂಭಾಗದಲ್ಲಿ ಮನುಕುಲದ ಅತಿ ಪ್ರಾಚೀನವಾದ ಬೆಂಕಿಯ ಬೂದಿಯೂ ಸಿಕ್ಕಿದೆ, ವಜ್ರ ಚಿನ್ನ ತಾಮ್ರಗಳ ಮಹಾಸಂಪತ್ತೂ ಹೊರಬಂದಿದೆ, ದೊಡ್ಡ ದೊಡ್ಡ ವಿದ್ಯುದಾಗಾರಗಳೂ ನಿಂತಿವೆ. ಹೀಗಿದ್ದೂ ಅಲ್ಲಿ ಕೋಟಿಗಟ್ಟಲೆ ಜನರ ಅನ್ನ ಇಂದಿಗೂ ಬೇಯುವುದು ಸೌದೆ, ಇದ್ದಲು, ಬೆರಣಿಗಳ ಮೇಲೆಯೇ. ಮಲಾವಿ ದೇಶದಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮನೆಗಳ ಅಡುಗೆ ಸೌದೆ ಮತ್ತು ಇದ್ದಲುಗಳಿಂದ ನಡೆಯುತ್ತದೆ. ಇದು ಹೇಗಾಯಿತೆಂಬುದನ್ನು ಕ್ರಮವಾಗಿ ನೋಡುವುದು ಪ್ರಯೋಜನಕರ.

ಹಳೆಯ ಬೂದಿ, ಹಳೆಯ ಮಿತಿ

ದಕ್ಷಿಣ ಆಫ್ರಿಕ ದೇಶದ ಉತ್ತರ ಕೇಪ್ ಪ್ರಾಂತ್ಯದಲ್ಲಿ ವಂಡರ್‌ವರ್ಕ್ ಎಂಬ ಗುಹೆಯಿದೆ. ಗುಹೆಯ ಬಾಯಿಯಿಂದ ಸುಮಾರು 30 ಮೀಟರ್ ಒಳಗೆ ಸುಟ್ಟ ಮೂಳೆಗಳೂ ಸಸ್ಯಗಳ ಬೂದಿಯೂ ದೊರೆತವು. ಅವು ಸುಮಾರು ಹತ್ತು ಲಕ್ಷ ವರ್ಷಗಳಷ್ಟು ಹಳೆಯವೆಂದು 2012ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಲೆಬೊಂಬೊ ಬೆಟ್ಟಗಳ ಬಾರ್ಡರ್ ಗುಹೆಯಲ್ಲಿ ಸುಮಾರು 1,70,000 ವರ್ಷಗಳ ಹಿಂದೆ ಬೆಂಕಿಯಲ್ಲಿ ಸುಟ್ಟ ಗೆಡ್ಡೆಗಳ ಅವಶೇಷಗಳು ದೊರೆತ ವಿಷಯ 2020ರಲ್ಲಿ ಬೆಳಕಿಗೆ ಬಂದಿತು. ಒಲೆಯೆಂಬುದು ಮನೆ, ಊರು, ರಾಜ್ಯಗಳೆಲ್ಲಕ್ಕಿಂತ ಹಳೆಯದೆಂಬುದಕ್ಕೆ ಇವು ಸಾಕ್ಷಿಗಳು. ಅಷ್ಟು ದೀರ್ಘಕಾಲ ಉರಿದ ಆ ಒಲೆಗಳು ಆ ನಾಡಿನ ಕಾಡುಗಳನ್ನು ಮುಗಿಸಲಿಲ್ಲವೆಂಬುದೂ ನೆನಪಿಡತಕ್ಕ ಸಂಗತಿ.

ಸುಮಾರು ಎರಡು ಸಾವಿರ ವರ್ಷಗಳ ಈಚೆಗೆ ಬಾಂಟೂ ಭಾಷೆಗಳನ್ನಾಡುವ ಕೃಷಿಕರು ಉತ್ತರದಿಂದ ಬಂದು ಈ ನಾಡುಗಳಲ್ಲಿ ನೆಲೆಸಿದರು. ಅವರು ಹೊಲಕ್ಕಾಗಿ ಕಾಡು ಕಡಿದರು. ಕಬ್ಬಿಣ ಕರಗಿಸಲು ಇದ್ದಲು ಸುಟ್ಟರು. ಅವರ ಜೀವನವೂ ನಿರಾರಂಭವಾದುದಾಗಿರಲಿಲ್ಲ. ಆದರೆ ಮನೆಯ ಒಲೆಗೆ ಅವರು ಬಳಸಿದುದು ಬಹುಪಾಲು ತಾನಾಗಿ ಒಣಗಿ ಬಿದ್ದ ಕೊಂಬೆ, ಪುರಲೆ, ತೊಗಟೆಗಳು. ಒಣಕಟ್ಟಿಗೆ ಹಗುರ, ಹೊಗೆ ಕಡಿಮೆ, ಕಡಿಯುವ ಶ್ರಮವಿಲ್ಲ. ಜಿಂಬಾಬ್ವೆಯ ಶೋನಾ ಜನರು ಮಳೆಗಾಗಿ ಪೂಜೆ ಸಲ್ಲಿಸುವ ಮುಹಾಚ ಮರವನ್ನು ಪವಿತ್ರವೆಂದು ಕಾಪಾಡುತ್ತಾರೆ. ಹಣ್ಣು ಕೊಡುವ ಮುಜಾಂಜೆ ಮರಕ್ಕೆ ಕೊಡಲಿ ಹಾಕಲು ಹಿಂಜರಿಯುತ್ತಾರೆ. ಹೊಗೆ ವಿಷಕರವಾದ ಮರಗಳನ್ನು ಅಡುಗೆಗೆ ಬಳಸುವುದಿಲ್ಲ. ಸಚಿತ್ತ, ಅಚಿತ್ತ ಎಂಬ ಶಬ್ದಗಳು ಅವರ ಭಾಷೆಯಲ್ಲಿಲ್ಲ; ಹಸಿ ಮರವನ್ನು ಬಿಟ್ಟು ಒಣಕಟ್ಟಿಗೆಯನ್ನು ಆಯುವ ಆಚರಣೆಯಲ್ಲಿ ಮಾತ್ರ ಆ ಭೇದವು ಸಹಜವಾಗಿಯೇ ಇತ್ತು. ಅವರ ಕಾರಣಗಳು ಬೇರೆ, ಫಲ ಒಂದೇ: ಅಗತ್ಯದಷ್ಟೇ ಉರಿ, ಮರ ಉಳಿಯುವಷ್ಟು ಮಿತಿ.

ಬಂದರಿನ ಒಲೆಗೆ ಬೆಟ್ಟದ ಕಾಡು

ಈ ಮಿತಿ ಮೊದಲು ಮುರಿದುದು ಸಮುದ್ರತೀರದಲ್ಲಿ. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಯಾನ್ ಫಾನ್ ರೀಬೆಕ್ ಎಂಬವನು ಕೇಪ್ ಭೂಶಿರದಲ್ಲಿ ಒಂದು ತಂಗುದಾಣವನ್ನು ಸ್ಥಾಪಿಸಿದನು. ಭಾರತ ಮತ್ತು ಜಾವಾಗಳಿಗೆ ಹೋಗಿಬರುವ ಹಡಗುಗಳಿಗೆ ನೀರು, ತರಕಾರಿ, ಮಾಂಸ, ಸೌದೆಗಳನ್ನು ಒದಗಿಸುವುದು ಅದರ ಉದ್ದೇಶ. ಟೇಬಲ್ ಬೆಟ್ಟದ ಇಳಿಜಾರಿನ ಕಾಡುಗಳು ಕೆಲವೇ ದಶಕಗಳಲ್ಲಿ ಬರಿದಾಗತೊಡಗಿದವು. ಮರ ಕಡಿಯುವುದಕ್ಕೆ ನಿರ್ಬಂಧ ಹಾಕುವ ಆಜ್ಞೆಗಳನ್ನು ಕಂಪನಿಯೇ ಆರಂಭದ ವರ್ಷಗಳಲ್ಲಿ ಹೊರಡಿಸಬೇಕಾಯಿತು.

ಆ ಸೌದೆಯನ್ನು ಹೊತ್ತವರು ಯಾರು? ಕೇಪ್ ನಗರದ ಮನೆಗಳ ಗುಲಾಮರು ಬೆಟ್ಟ ಹತ್ತಿ ಕಟ್ಟಿಗೆ ಕಡಿದು, ಹೊರೆ ಕಟ್ಟಿ, ಸಂಜೆಗೆ ಇಳಿದು ಬರುತ್ತಿದ್ದರು. ಹತ್ತಿರದ ಪೊದೆಗಳು ಮುಗಿದಂತೆ ದಾರಿ ದೂರವಾಗುತ್ತ ಹೋಯಿತು. ಗುಲಾಮರ ವ್ಯಾಪಾರ ನಿಲ್ಲುವವರೆಗೆ ಕೇಪಿಗೆ ತಂದ ಸುಮಾರು 60,000ಕ್ಕೂ ಹೆಚ್ಚು ಗುಲಾಮರಲ್ಲಿ ಸರಿಸುಮಾರು ನಾಲ್ಕನೆಯ ಒಂದು ಭಾಗ ಬಂಗಾಳ, ಕೋರಮಂಡಲ, ಮಲಬಾರ್ ಮೊದಲಾದ ಭಾರತದ ತೀರಗಳಿಂದ ಒಯ್ಯಲ್ಪಟ್ಟವರು. ಆ ಬೆಟ್ಟದ ಸೌದೆಯ ಹೊರೆಯ ಕೆಳಗೆ ಭಾರತೀಯರ ತಲೆಗಳೂ ಬಾಗಿದ್ದವು. ಕೈ ಅವರದು, ಕೊಡಲಿ ಅವರ ಕೈಯಲ್ಲಿದ್ದುದು. ಇಚ್ಛೆ ಮಾತ್ರ ಅವರದಾಗಿರಲಿಲ್ಲ. ಕೃತಕ್ಕೂ ಕಾರಿತಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಷ್ಟಾಂತ ಬೇಕಿಲ್ಲ.

ವಜ್ರದ ಗಣಿ ಮತ್ತು ಮುಳ್ಳುಮರ

1867ರಲ್ಲಿ ಆರೆಂಜ್ ನದಿಯ ಬಳಿ ವಜ್ರ ದೊರೆಯಿತು. 1871ರಲ್ಲಿ, ಮುಂದೆ ಕಿಂಬರ್ಲಿ ಎಂದು ಹೆಸರಾದ ಸ್ಥಳಕ್ಕೆ ಜನ ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಹುಲ್ಲುಗಾವಲಿನ ನಡುವೆ ಹತ್ತಾರು ಸಾವಿರ ಜನರ ಪಟ್ಟಣವೆದ್ದಿತು. ಮಳೆ ಕಡಿಮೆಯಿರುವ ಆ ಬಯಲಿನಲ್ಲಿ ಕಲ್ಲಿದ್ದಲು ಇರಲಿಲ್ಲ, ರೈಲೂ ಇರಲಿಲ್ಲ. ಕಾರ್ಮಿಕರ ಅಡುಗೆಗೂ, ಚಳಿ ಕಾಯಿಸುವುದಕ್ಕೂ, ಗಣಿಯ ನೀರೆತ್ತುವ ಮತ್ತು ಮಣ್ಣೆಳೆಯುವ ಉಗಿಯಂತ್ರಗಳಿಗೂ ಸೌದೆಯೊಂದೇ ಗತಿ. ಸುತ್ತಲ ಪ್ರದೇಶದಲ್ಲಿ ಬೆಳೆಯುತ್ತಿದ್ದುದು ಕ್ಯಾಮೆಲ್‌ಥಾರ್ನ್ ಎಂಬ ಜಾಲಿಜಾತಿಯ ಮುಳ್ಳುಮರ. ಅದು ಬಹಳ ನಿಧಾನವಾಗಿ ಬೆಳೆಯುವಂಥದು. ಬೇರು ಅತ್ಯಂತ ಆಳಕ್ಕಿಳಿದು ನೀರು ಹುಡುಕುತ್ತದೆ. ನೆರಳು ದನಕರುಗಳಿಗೆ ಆಶ್ರಯ, ಕಾಯಿ ಅವುಗಳಿಗೆ ಮೇವು.

ಆ ನೆಲದ ಟ್ಲಾಪಿಂಗ್ ಮೊದಲಾದ ತ್ಸ್ವಾನ ಜನರು ಎತ್ತಿನ ಗಾಡಿಗಳಲ್ಲಿ ಸೌದೆ ತುಂಬಿ ಕಿಂಬರ್ಲಿಯ ಸಂತೆಗೆ ಒಯ್ದು ಮಾರಿದರು. ಕೆಲ ಕಾಲ ಅವರಿಗೆ ಒಳ್ಳೆಯ ಆದಾಯವೂ ಬಂದಿತು. ಭೂಮಿ ಕೈತಪ್ಪುತ್ತಿದ್ದ ಆ ಜನರಿಗೆ ಬೇರೆ ಸರಕೂ ಕಡಿಮೆ. ಹತ್ತಿರದ ಮರಗಳು ಮುಗಿದಂತೆ ಗಾಡಿಗಳು ಬಹುದೂರ ಹೋಗತೊಡಗಿದವು. 1885ರಲ್ಲಿ ರೈಲು ಕಿಂಬರ್ಲಿಗೆ ಬಂದಿತು. ರೈಲು ಕಲ್ಲಿದ್ದಲು ತಂದಿತು. ಗಣಿಗೆ ಸೌದೆಯ ಹಂಗು ತಪ್ಪಿತು. ಸೌದೆಯ ವ್ಯಾಪಾರ ಕುಸಿಯಿತು. ವಜ್ರಗಳು ಹಡಗೇರಿ ಯೂರೋಪಿಗೆ ಹೋದವು. ತ್ಸ್ವಾನ ಜನರ ಪಾಲಿಗೆ ಉಳಿದುದು ಮರವಿಲ್ಲದ ಬಯಲು. ಗಂಡಸರು ಅದೇ ಗಣಿಗಳಿಗೆ ಕೂಲಿಗಾಗಿ ಹೋದರು. ಹೆಂಗಸರು ಹಿಂದಿಗಿಂತ ದೂರ ನಡೆದು ಒಲೆಗೆ ಪುರಲೆ ತಂದರು. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಆ ಜನರು ಬಡ್ಡಿಯನ್ನಲ್ಲ, ಅಸಲನ್ನೇ ಮಾರಿದರು. ಅಸಲು ಮಾರುವಂತೆ ಮಾಡಿದ ಸಂತೆ ಮಾತ್ರ ಲಾಭ ತೆಗೆದುಕೊಂಡು ಎದ್ದುಹೋಯಿತು.

ನೆಲ ಕಿರಿದಾದಾಗ ಕಾಡು ದೂರವಾಯಿತು

ಗಣಿ ಮಾಡಿದುದಕ್ಕಿಂತ ದೊಡ್ಡ ಹಾನಿಯನ್ನು ಕಾನೂನು ಮಾಡಿತು. ಕೇಪ್ ವಸಾಹತಿನ 1888ರ ಅರಣ್ಯ ಕಾನೂನಿನ ನಂತರ, ಹಿಂದೆ ಊರಿನವರು ಸ್ವತಂತ್ರವಾಗಿ ಹೋಗಿಬರುತ್ತಿದ್ದ ಕಾಡುಗಳಿಗೆ ಪರವಾನಗಿ, ದಂಡ, ಕಾವಲುಗಾರರು ಬಂದರು. 1913ರಲ್ಲಿ ದಕ್ಷಿಣ ಆಫ್ರಿಕ ದೇಶದ ಭೂಕಾನೂನು ಬಹುಸಂಖ್ಯಾತರಾದ ಕರಿಯ ಜನರಿಗೆ ದೇಶದ ನೆಲದಲ್ಲಿ ನೂರಕ್ಕೆ ಏಳರಷ್ಟನ್ನು ಮಾತ್ರ ಮೀಸಲಿಟ್ಟಿತು. 1936ರ ಕಾನೂನು ಅದನ್ನು ಸುಮಾರು ಹದಿಮೂರಕ್ಕೆ ಏರಿಸಿತು. ನೆರೆಯ ದಕ್ಷಿಣ ರೊಡೇಷ್ಯದಲ್ಲಿ, ಎಂದರೆ ಇಂದಿನ ಜಿಂಬಾಬ್ವೆಯಲ್ಲಿ, 1930ರ ಕಾನೂನು ಇದೇ ಬಗೆಯ ವಿಭಜನೆ ಮಾಡಿತು. 1960ರಿಂದ 1983ರವರೆಗೆ ದಕ್ಷಿಣ ಆಫ್ರಿಕದಲ್ಲಿ ಸುಮಾರು 35 ಲಕ್ಷ ಜನರನ್ನು ಬಲವಂತವಾಗಿ ಸ್ಥಳಾಂತರಿಸಲಾಯಿತು. ಅವರಲ್ಲಿ ಬಹಳಷ್ಟು ಜನರನ್ನು ತಳ್ಳಿದುದು ಮೊದಲೇ ಕಿಕ್ಕಿರಿದಿದ್ದ ಈ ಮೀಸಲು ನೆಲಗಳಿಗೆ.

ಒಂದು ಕುಟುಂಬವು ಅಡುಗೆಗೂ ಚಳಿಗೂ ವರ್ಷಕ್ಕೆ ಮೂರು ನಾಲ್ಕು ಟನ್ ಸೌದೆ ಬಳಸುವುದು ಈ ಹಳ್ಳಿಗಳಲ್ಲಿ ಸಾಮಾನ್ಯ. ಅದೇ ಕುಟುಂಬ ವಿಸ್ತಾರವಾದ ನೆಲದಲ್ಲಿದ್ದಾಗ ಆ ಸೌದೆ ಬಿದ್ದ ಕೊಂಬೆಗಳಿಂದಲೇ ಒದಗುತ್ತಿತ್ತು. ಹತ್ತರಷ್ಟು ಕುಟುಂಬಗಳನ್ನು ಅದೇ ನೆಲದಲ್ಲಿ ತಂದು ತುಂಬಿದರೆ ಬಿದ್ದ ಕೊಂಬೆ ಮುಗಿಯುತ್ತದೆ. ಅನಂತರ ಹಸಿ ಕೊಂಬೆ, ಅನಂತರ ಬುಡ, ಕೊನೆಗೆ ಬೇರು. ಇದರ ಜೊತೆಗೆ ಕೃಷಿ ಸುಧಾರಣೆಯ ಹೆಸರಿನಲ್ಲಿ ಚದುರಿದ್ದ ಮನೆಗಳನ್ನು ಕಿತ್ತು ಸಾಲುಮನೆಗಳ ಊರುಗಳನ್ನು ಕಟ್ಟಿದಾಗ, ಮನೆಯ ಹಿತ್ತಲಿಗಿದ್ದ ಕಾಡು ಮೈಲಿಗಳಾಚೆಗೆ ಹೋಯಿತು. ತಲೆಯ ಮೇಲೆ ಸಿಂಬೆಯಿಟ್ಟು 30ರಿಂದ 40 ಕಿಲೋ ತೂಕದ ಹೊರೆ ಹೊತ್ತು ಕಿಲೋಮೀಟರುಗಟ್ಟಲೆ ನಡೆಯುವುದು ಅಲ್ಲಿನ ಹೆಣ್ಣುಮಕ್ಕಳ ದಿನಚರಿಯಾಯಿತು. ಹೊರಗಿನಿಂದ ಬಂದು ನೋಡಿದವರಿಗೆ ಕಂಡುದು ಬೋಳು ಗುಡ್ಡ ಮತ್ತು ಹೊರೆ ಹೊತ್ತ ಹೆಂಗಸು. ಎರಡನ್ನೂ ಕೂಡಿಸಿ, ಗುಡ್ಡವನ್ನು ಬೋಳಿಸಿದವಳು ಇವಳೇ ಎಂದು ತೀರ್ಮಾನಿಸುವುದು ಸುಲಭವಾಗಿತ್ತು. ನಡುವಿನ ಕಾನೂನು ಕಣ್ಣಿಗೆ ಕಾಣುವಂಥದಲ್ಲ.

ಸುತ್ತಲೂ ದಕ್ಷಿಣ ಆಫ್ರಿಕ ದೇಶವೇ ಆವರಿಸಿರುವ ಲೆಸೊಥೊ ಎಂಬ ಪುಟ್ಟ ಬೆಟ್ಟದ ರಾಜ್ಯದ ಸ್ಥಿತಿ ಇನ್ನೂ ಕಠಿಣ. ಅದು ಪ್ರಕೃತಿಯಿಂದಲೇ ಹುಲ್ಲಿನ ನಾಡು, ಮರಗಳು ವಿರಳ. ಮೇಲಾಗಿ 1860ರ ದಶಕದ ಯುದ್ಧಗಳ ಕೊನೆಗೆ, 1869ರ ಒಪ್ಪಂದದಲ್ಲಿ, ಕ್ಯಾಲೆಡನ್ ನದಿಯಾಚೆಯ ಫಲವತ್ತಾದ ಬಯಲು ಅದರ ಕೈಬಿಟ್ಟಿತು. ಚಳಿಗಾಲದಲ್ಲಿ ಹಿಮ ಬೀಳುವ ಆ ಎತ್ತರದಲ್ಲಿ ಜನರು ದೊಡ್ಡಿಯಲ್ಲಿ ತುಳಿದು ಗಟ್ಟಿಯಾದ ಸಗಣಿಯನ್ನು ಹಲಗೆಗಳಂತೆ ಕತ್ತರಿಸಿ ಒಣಗಿಸಿ ಉರಿಸುತ್ತಾರೆ. ಬೆರಣಿಯನ್ನು ಬಲ್ಲ ಓದುಗರಿಗೆ ಇದು ಹೊಸದಲ್ಲ. ಒಲೆಗೆ ಹೋದ ಸಗಣಿ ಹೊಲಕ್ಕೆ ಗೊಬ್ಬರವಾಗುವುದಿಲ್ಲ. ಇಂದಿನ ಅಡುಗೆಯು ನಾಳಿನ ಬೆಳೆಯನ್ನು ಉಣ್ಣುತ್ತದೆ.

ವಿದ್ಯುತ್ತು ಹರಿದ ದಿಕ್ಕು

ಇದೇ ನಾಡುಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಅಪಾರ ವಿದ್ಯುತ್ತು ಹುಟ್ಟಿತು. ಜಾಂಬೆಸಿ ನದಿಗೆ ಕಟ್ಟಿದ ಕರೀಬ ಅಣೆಕಟ್ಟು 1959ರಲ್ಲಿ ಪೂರ್ಣವಾಯಿತು. ಅದರ ಮುಖ್ಯ ಉದ್ದೇಶ ಉತ್ತರದ ತಾಮ್ರದ ಗಣಿಗಳಿಗೂ ದಕ್ಷಿಣದ ಕೈಗಾರಿಕೆಗಳಿಗೂ ಶಕ್ತಿ ಒದಗಿಸುವುದು. ಜಲಾಶಯವು ಮುಳುಗಿಸಿದ ಕಣಿವೆಯಿಂದ ಟೋಂಗ ಜನಾಂಗದ ಸುಮಾರು 57,000 ಜನರನ್ನು ಎಬ್ಬಿಸಲಾಯಿತು. ಅವರ ಊರುಗಳನ್ನು ಮುಳುಗಿಸಿ ಹುಟ್ಟಿದ ವಿದ್ಯುತ್ತು ದೂರದ ಗಣಿಗಳಿಗೆ ಹರಿಯಿತು. ಹೊಸ ನೆಲೆಗಳಲ್ಲಿ ಅವರು ದಶಕಗಳ ಕಾಲ ಸೌದೆಯನ್ನೇ ಉರಿಸಿದರು. ಮೊಜಾಂಬಿಕಿನ ಕಾಹೊರ ಬಾಸ್ಸ ಅಣೆಕಟ್ಟಿನ ವಿದ್ಯುತ್ತು ಸಹ ಪ್ರಧಾನವಾಗಿ ದಕ್ಷಿಣ ಆಫ್ರಿಕಕ್ಕೆ ಮಾರುವುದಕ್ಕಾಗಿಯೇ ಯೋಜಿಸಿದುದು.

ದಕ್ಷಿಣ ಆಫ್ರಿಕ ದೇಶದಲ್ಲಿ 1923ರಿಂದಲೇ ಸರಕಾರಿ ವಿದ್ಯುತ್ ಸಂಸ್ಥೆಯಿದ್ದಿತು. ಇಡೀ ಆಫ್ರಿಕ ಖಂಡದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆ ಒಂದೇ ದೇಶ ಉತ್ಪಾದಿಸುತ್ತಿದ್ದ 1980ರ ದಶಕದಲ್ಲಿಯೂ ಅಲ್ಲಿನ ಬಹುಪಾಲು ಮನೆಗಳಲ್ಲಿ ದೀಪವಿರಲಿಲ್ಲ. 1994ರಲ್ಲಿ ವರ್ಣಭೇದದ ಆಡಳಿತ ಕೊನೆಗೊಂಡಾಗ ವಿದ್ಯುತ್ ಸಂಪರ್ಕವಿದ್ದುದು ನೂರಕ್ಕೆ ಸುಮಾರು 36 ಮನೆಗಳಿಗೆ. ಹೊಸ ಸರಕಾರವು 1994ರಿಂದ 1999ರವರೆಗೆ ಸುಮಾರು 25 ಲಕ್ಷ ಮನೆಗಳಿಗೆ ಸಂಪರ್ಕ ಕೊಟ್ಟಿತು. ಇದು ಅಸಾಧಾರಣವಾದ ಸಾಧನೆ.

ಆದರೆ ತಂತಿ ಬಂದ ಮಾತ್ರಕ್ಕೆ ಒಲೆ ಆರಲಿಲ್ಲ. ಈಶಾನ್ಯ ಭಾಗದ ಬುಷ್‌ಬಕ್‌ರಿಜ್ ಪ್ರದೇಶದ ಐದು ಹಳ್ಳಿಗಳನ್ನು 1991ರಲ್ಲಿಯೂ 2002ರಲ್ಲಿಯೂ ಅಧ್ಯಯನ ಮಾಡಿದ ವಿದ್ವಾಂಸರು, ವಿದ್ಯುತ್ತು ಬಂದ ಮೇಲೆಯೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮನೆಗಳು ಸೌದೆಯನ್ನು ಬಿಟ್ಟಿಲ್ಲವೆಂದು ಕಂಡರು. ದೀಪಕ್ಕೆ ವಿದ್ಯುತ್ತು, ಅನ್ನಕ್ಕೆ ಸೌದೆ. ಕಾರಣ ಸರಳವಾದುದು: ವಿದ್ಯುತ್ತಿನ ಒಲೆ ಕೊಳ್ಳಲು ಹಣ ಬೇಕು, ತಿಂಗಳ ಬಿಲ್ಲಿಗೆ ಹಣ ಬೇಕು, ಸೌದೆಗೆ ಬೇಕಾದುದು ಹೆಣ್ಣುಮಗಳ ಬೆನ್ನು ಮಾತ್ರ, ಅದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. 2003ರಿಂದ ಬಡಮನೆಗಳಿಗೆ ತಿಂಗಳಿಗೆ 50 ಯೂನಿಟ್ ವಿದ್ಯುತ್ತನ್ನು ಉಚಿತವಾಗಿ ಕೊಡುವ ಕ್ರಮ ಬಂದಿತು. ಅಷ್ಟು ದೀಪಕ್ಕೆ ಸಾಕು, ಅಡುಗೆಗೆ ಸಾಲದು. ಆದರೂ ಬದಲಾವಣೆ ನಡೆದಿದೆ. 2001ರ ಜನಗಣತಿಯಲ್ಲಿ ಆ ದೇಶದ ಸುಮಾರು ಐದರಲ್ಲೊಂದು ಮನೆ ಸೌದೆಯಿಂದ ಅಡುಗೆ ಮಾಡುತ್ತಿದ್ದರೆ, 2011ರ ವೇಳೆಗೆ ಅದು ಎಂಟರಲ್ಲೊಂದಕ್ಕೆ ಇಳಿದಿತ್ತು.

ತಪ್ಪಿದ ಲೆಕ್ಕ

1970ರ ದಶಕದಲ್ಲಿ ಪೆಟ್ರೋಲಿಯಂ ಬೆಲೆ ಏರಿದಾಗ ಬಡವರ ಸೌದೆಯ ಕಡೆಗೂ ಜಗತ್ತಿನ ಗಮನ ಹರಿಯಿತು. 1975ರಲ್ಲಿ ಅಮೆರಿಕದ ಎರಿಕ್ ಎಕ್‌ಹೋಮ್ ಇದನ್ನು ಇನ್ನೊಂದು ಇಂಧನ ಸಂಕಟವೆಂದು ಕರೆದು ಬರೆದರು. ಅವರ ಕಳಕಳಿ ನಿಜವಾದುದು. ಆದರೆ ಅನಂತರ ಬಂದ ತಜ್ಞರು ಒಂದು ಸರಳ ಲೆಕ್ಕ ಹಾಕಿದರು. ತಲೆಗೆ ಇಷ್ಟು ಸೌದೆ, ಜನಸಂಖ್ಯೆ ಇಷ್ಟು, ಕಾಡು ಬೆಳೆಯುವುದು ಇಷ್ಟು. ಕಳೆದರೆ ಉಳಿಯುವುದು ಕೊರತೆ. ಆದುದರಿಂದ ಇಂತಿಷ್ಟು ವರ್ಷಗಳಲ್ಲಿ ಕಾಡು ಮುಗಿಯುತ್ತದೆ. ಈ ಲೆಕ್ಕವನ್ನು ನಂಬಿ ಅನೇಕ ದೇಶಗಳಲ್ಲಿ ನೀಲಗಿರಿ ನೆಡುವ ಯೋಜನೆಗಳು ಹೊರಟವು. ಜಿಂಬಾಬ್ವೆಯಲ್ಲಿ 1983ರಲ್ಲಿ ಆರಂಭವಾದ ಗ್ರಾಮೀಣ ಅರಣ್ಯೀಕರಣ ಯೋಜನೆ ಅಂಥದೊಂದು. ಜನರು ಸಸಿ ಕೊಂಡರು, ಆದರೆ ಸೌದೆಗಾಗಿಯಲ್ಲ. ಅವರಿಗೆ ಬೇಕಾಗಿದ್ದುದು ಹಣ್ಣಿನ ಮರ ಮತ್ತು ಮನೆ ಕಟ್ಟುವ ಕಂಬಗಳು.

1988ರಲ್ಲಿ ಜೆರಾಲ್ಡ್ ಲೀಚ್ ಮತ್ತು ರಾಬಿನ್ ಮರ್ನ್ಸ್ ಎಂಬ ವಿದ್ವಾಂಸರು ಆಫ್ರಿಕದ ಅನುಭವಗಳನ್ನೆಲ್ಲ ಕೂಡಿಸಿ ಈ ಲೆಕ್ಕದ ದೋಷವನ್ನು ತೋರಿಸಿದರು. ಅದರಲ್ಲಿ ಖರ್ಚಿನ ಬಾಬುಗಳೆಲ್ಲ ಇದ್ದವು, ಜಮೆಯ ಬಾಬುಗಳು ಬಿಟ್ಟುಹೋಗಿದ್ದವು. ಹೊಲದ ಬದುವಿನ ಮರ, ಪೊದೆ, ಕಡಿದ ಬುಡದಿಂದ ಮತ್ತೆ ಚಿಗುರುವ ಟೊಂಗೆ, ಕೊರತೆ ಬಂದಾಗ ಜನರು ತಾವಾಗಿ ಉರಿ ತಗ್ಗಿಸುವ ಜಾಣ್ಮೆ – ಇವೊಂದೂ ಲೆಕ್ಕದಲ್ಲಿರಲಿಲ್ಲ. ಹಳ್ಳಿಯ ಒಲೆಗಳಿಂದ ಕಾಡು ಅಳಿಯುವುದು ಅಪರೂಪ. ಕಾಡು ಅಳಿಯುವುದು ಮುಖ್ಯವಾಗಿ ಹೊಲಕ್ಕಾಗಿ, ತೋಟಕ್ಕಾಗಿ, ನಗರಕ್ಕಾಗಿ ಎಂಬುದು ಅನಂತರದ ಸಂಶೋಧನೆಗಳಿಂದ ದೃಢಪಟ್ಟಿತು. ಜಿಂಬಾಬ್ವೆ ಮತ್ತು ಮಲಾವಿಗಳಲ್ಲಿ ಬಿಸಿಗಾಳಿಯಿಂದ ಹೊಗೆಸೊಪ್ಪು ಹದಮಾಡುವ ಕೊಟ್ಟಿಗೆಗಳು ನುಂಗುವ ಕಟ್ಟಿಗೆಯನ್ನು ನೆನೆದರೆ, ಒಬ್ಬ ತಾಯಿಯ ಗಂಜಿಯ ಒಲೆಗಿಂತ ದೂರದೇಶದವನ ಸಿಗರೇಟು ಆ ಕಾಡಿಗೆ ಹೆಚ್ಚು ಭಾರವಾಗಿದೆ.

ನಿರಪರಾಧಿಯ ಲೆಕ್ಕಕ್ಕೆ ಅಪರಾಧ ಬರೆಯುವುದು ಸಹ ಅಸತ್ಯವೇ. ಸತ್ಯಾಣುವ್ರತಿಯು ಮಾತಿನಲ್ಲಷ್ಟೇ ಅಲ್ಲ, ಲೆಕ್ಕದಲ್ಲಿಯೂ ಎಚ್ಚರವಾಗಿರಬೇಕಾದುದು ಇದಕ್ಕಾಗಿ.

ಇದ್ದಲು ಮತ್ತು ಅಂಗಾರಕರ್ಮ

ಹಳ್ಳಿಯ ಒಲೆಯಿಂದ ನಗರದ ಒಲೆಗೆ ಬಂದಾಗ ವಿಷಯ ಬೇರೆಯಾಗುತ್ತದೆ. ಜಾಂಬಿಯದ ಲುಸಾಕಾ, ಮೊಜಾಂಬಿಕಿನ ಮಪೂಟೊ, ಮಲಾವಿಯ ಲಿಲೊಂಗ್ವೆ ಮೊದಲಾದ ನಗರಗಳಲ್ಲಿ ಬಹಳಷ್ಟು ಮನೆಗಳ ಅಡುಗೆ ನಡೆಯುವುದು ಇದ್ದಲಿನ ಅಗ್ಗಿಷ್ಟಿಕೆಯ ಮೇಲೆ. ಇದ್ದಲು ಹಗುರ, ಸಾಗಿಸಲು ಸುಲಭ, ಹೊಗೆ ಕಡಿಮೆ. ಆದರೆ ಮರವನ್ನು ಮಣ್ಣಿನಡಿ ಹೂತು ನಿಧಾನವಾಗಿ ಸುಡುವ ಸಾಂಪ್ರದಾಯಿಕ ಗೂಡಿನಲ್ಲಿ ಒಂದು ಕಿಲೋ ಇದ್ದಲಿಗೆ ಐದರಿಂದ ಹತ್ತು ಕಿಲೋ ಕಟ್ಟಿಗೆ ಬೇಕು. ಮರದಲ್ಲಿದ್ದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಗೂಡಿನಲ್ಲಿಯೇ ಹೋಗಿಬಿಡುತ್ತದೆ. ಮೇಲಾಗಿ ಇದ್ದಲಿಗೆ ಬಿದ್ದ ಪುರಲೆ ಸಾಲದು. ನಿಂತ ಹಸಿ ಮರವೇ ಬೇಕು.

ಜೈನ ಓದುಗರಿಗೆ ಇಲ್ಲಿ ಒಂದು ಹಳೆಯ ನಿಷೇಧ ನೆನಪಾಗದಿರದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನು ಮಾಡಬಾರದ ಹದಿನೈದು ಉದ್ಯೋಗಗಳನ್ನು ಹೇಳುತ್ತದೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತವೂ ಅವನ್ನು ಖರಕರ್ಮಗಳೆಂದು ಎಣಿಸುತ್ತದೆ. ಇದ್ದಲು ಸುಡುವ ಅಂಗಾರಕರ್ಮ, ಕಾಡು ಕಡಿದು ಮಾರುವ ವನಕರ್ಮ ಎಂಬಿವು ಆ ಪಟ್ಟಿಯಲ್ಲಿವೆ. ಮನೆಯ ಒಲೆಯನ್ನು ಆರಂಭೀ ಹಿಂಸೆಯೆಂದು ಸಹಿಸಿಕೊಂಡ ಶಾಸ್ತ್ರವು ಅದೇ ಬೆಂಕಿಯನ್ನು ವ್ಯಾಪಾರ ಮಾಡುವುದನ್ನು ಸಹಿಸಲಿಲ್ಲ. ಒಲೆಗೆ ಹಸಿವಿನ ಮಿತಿಯುಂಟು, ವ್ಯಾಪಾರಕ್ಕೆ ಅಂಥ ಮಿತಿಯಿಲ್ಲ. ಆಫ್ರಿಕದ ಇತಿಹಾಸವು ಈ ಭೇದವನ್ನು ಸಮರ್ಥಿಸುತ್ತದೆ.

ಹಾಗೆಂದು ಜಾಂಬಿಯದ ಕಾಡಿನಂಚಿನಲ್ಲಿ ಗೂಡು ಕಾಯುವ ಬಡವನನ್ನು ಅಂಗಾರಕರ್ಮಿಯೆಂದು ಖಂಡಿಸಿ ಕೈತೊಳೆದುಕೊಳ್ಳಬಹುದೆ? ಮಳೆ ಕೈಕೊಟ್ಟ ವರ್ಷ ಮಕ್ಕಳ ಶಾಲೆಯ ಖರ್ಚಿಗೆ ಅವನಿಗಿರುವುದು ಅದೊಂದೇ ದಾರಿ. ಹದಿನೈದು ನಿಷೇಧಗಳನ್ನು ಆಚಾರ್ಯರು ಹೇಳಿದುದು ವೃತ್ತಿಯನ್ನು ಆರಿಸಿಕೊಳ್ಳುವ ಸಾಮರ್ಥ್ಯವುಳ್ಳ, ಬಂಡವಾಳವುಳ್ಳ ಶ್ರಾವಕರಿಗೆ. ಆಯ್ಕೆಯಿಲ್ಲದವನ ಕೈಕೆಲಸಕ್ಕಿಂತ, ಅವನಿಂದ ಅಗ್ಗಕ್ಕೆ ಕೊಂಡು ಲಾರಿ ತುಂಬುವವನ ಕಾರಿತವೂ, ಬೇರೆ ಇಂಧನ ಕೊಳ್ಳಬಲ್ಲವನಾಗಿಯೂ ರುಚಿಗಾಗಿ ಇದ್ದಲು ಬಯಸುವವನ ಅನುಮತವೂ ಹೆಚ್ಚು ಪರಿಶೀಲನೆಗೆ ಅರ್ಹ. ದಕ್ಷಿಣ ಆಫ್ರಿಕದ ಅನುಕೂಲಸ್ಥರು ಹಿತ್ತಲಲ್ಲಿ ಮಾಂಸ ಸುಡುವ ಕೂಟಗಳಿಗೆ ಕ್ಯಾಮೆಲ್‌ಥಾರ್ನ್ ಕಟ್ಟಿಗೆಯನ್ನು ಬಯಸಿ ಕೊಳ್ಳುತ್ತ ಬಂದಿದ್ದಾರೆ. ಕಿಂಬರ್ಲಿಯ ಸುತ್ತ ಒಮ್ಮೆ ಬರಿದಾದ ಅದೇ ಮರವಿದು. 1998ರ ಅರಣ್ಯ ಕಾನೂನಿನಡಿ ಅದು ಸಂರಕ್ಷಿತ ವೃಕ್ಷಗಳ ಪಟ್ಟಿಗೆ ಸೇರಿದೆ. ಹಸಿವಿಗಲ್ಲದೆ ವಿನೋದಕ್ಕೆ ಉರಿಯುವ ಈ ಬೆಂಕಿಯನ್ನು ಆಚಾರ್ಯ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ಹೇಳಿದ ಅನರ್ಥದಂಡದ ಪ್ರಮಾದಚರ್ಯೆಯಲ್ಲಿಯೇ ಸೇರಿಸಬೇಕಾದೀತು.

ಆಶೆಗೂ ಅವಕಾಶವುಂಟು. ಈ ನಾಡುಗಳ ಮಿಯೊಂಬೊ ಎಂಬ ಕಾಡಿನ ಮರಗಳು ಕಡಿದ ಬುಡದಿಂದಲೂ ಬೇರಿನಿಂದಲೂ ಮತ್ತೆ ಚಿಗುರುತ್ತವೆ. ಕಡಿದ ನೆಲವನ್ನು ಉಳದೆ, ಬೆಂಕಿಯಿಂದ ಕಾಪಾಡಿ ಬಿಟ್ಟರೆ ಕಾಡು ತಾನಾಗಿ ಮರಳುತ್ತದೆಂಬುದನ್ನು ಜಾಂಬಿಯದ ವಿಜ್ಞಾನಿ ಇಮ್ಯಾನುಯೆಲ್ ಚಿಡುಮಾಯೊ ದೀರ್ಘಕಾಲದ ಅಧ್ಯಯನದಿಂದ ತೋರಿಸಿದ್ದಾರೆ. ದಕ್ಷಿಣ ಆಫ್ರಿಕದಲ್ಲಿ 1995ರಲ್ಲಿ, ಭಾರತೀಯ ಮೂಲದ ಸಚಿವ ಕಾದರ್ ಅಸ್ಮಲ್ ಅವರ ಕಾಲದಲ್ಲಿ, ನೀರು ಕುಡಿದು ಹಬ್ಬುವ ಪರದೇಶದ ಮರಗಳನ್ನು ಬಡವರಿಗೆ ಕೂಲಿ ಕೊಟ್ಟು ತೆಗೆಸುವ ಯೋಜನೆ ಆರಂಭವಾಯಿತು. ಹಾಗೆ ತೆಗೆದ ಕಟ್ಟಿಗೆ ಒಲೆಗೂ ಒದಗುತ್ತದೆ. ಆದರೆ ಪ್ರಕೃತಿಯ ಕೋಪವೂ ನಡುವೆ ಬರುತ್ತದೆ. 2015, 2019, 2024ರ ವೇಳೆಯ ಬರಗಳಲ್ಲಿ ಕರೀಬದ ನೀರು ಇಳಿದು ವಿದ್ಯುತ್ತು ಕಡಿತವಾದಾಗ ಜಾಂಬಿಯದ ನಗರಗಳ ಮನೆಗಳು ಮತ್ತೆ ಇದ್ದಲಿನ ಕಡೆಗೆ ತಿರುಗಿದವು.

ಹೊಗೆಯ ಹಿಂಸೆ

ಒಲೆಯ ಹಿಂಸೆಯನ್ನೆಣಿಸುವಾಗ ಅದರ ಮುಂದೆ ಕುಳಿತ ಜೀವವನ್ನು ಮರೆಯಲಾಗದು. ಗಾಳಿಯಾಡದ ಗುಡಿಸಲಿನಲ್ಲಿ ಸೌದೆ ಉರಿಸುವ ತಾಯಿಯೂ ಆಕೆಯ ಬೆನ್ನಿಗೆ ಕಟ್ಟಿದ ಕೂಸೂ ದಿನವಿಡೀ ಹೊಗೆ ಕುಡಿಯುತ್ತಾರೆ. ಚಳಿಗಾಲದ ರಾತ್ರಿ ಉರಿವ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯೊಳಗಿಟ್ಟು ಮಲಗಿದವರು ವಿಷಾನಿಲದಿಂದ ಸಾಯುವುದೂ ಉಂಟು. ಇಡೀ ಜಗತ್ತಿನಲ್ಲಿ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಸುಮಾರು 32 ಲಕ್ಷ ಜನರು ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ 2,37,000ಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಪಂಚೇಂದ್ರಿಯ ಜೀವಗಳ ಈ ಘಾತವು ಯಾವ ಕೊಡಲಿಯೂ ಇಲ್ಲದೆ, ಯಾರ ಸಂಕಲ್ಪವೂ ಇಲ್ಲದೆ ನಡೆಯುತ್ತದೆ. ಸಂಕಲ್ಪವಿಲ್ಲವೆಂಬುದು ಮಾತ್ರ, ತಡೆಯಬಲ್ಲವರ ಪ್ರಮಾದಕ್ಕೆ ರಕ್ಷೆಯಾಗಲಾರದು.

ಶ್ರಾವಕನ ಖಾತೆ

ಮೊದಲ ಪ್ರಶ್ನೆಗೆ ಇತಿಹಾಸವು ಕೊಡುವ ಉತ್ತರ ಈಗ ಸ್ಪಷ್ಟ. ಕೃತದ ಬಾಬಿನಲ್ಲಿ ಆ ಹೆಣ್ಣುಮಗಳ ಹೆಸರಿದೆ. ಮೊತ್ತ ಅಲ್ಪ, ಅದೂ ಹಸಿವಿಗಾಗಿ. ಕಾರಿತದ ಬಾಬಿನಲ್ಲಿ ಬಂದರು, ಗಣಿ, ಭೂಕಾನೂನು, ವಿದ್ಯುತ್ತನ್ನು ಬೇರೆಡೆಗೆ ತಿರುಗಿಸಿದ ಯೋಜನೆ, ನಗರದ ವ್ಯಾಪಾರ ಇವೆ. ಅನುಮತದ ಬಾಬು ಇವೆಲ್ಲಕ್ಕಿಂತ ಉದ್ದವಾದುದು; ಕಾಡು ಸವೆಯುವ ಸ್ಥಳವನ್ನು ಕಣ್ಣಾರೆ ಕಾಣದವರ ಹೆಸರುಗಳೂ ಅದರಲ್ಲಿವೆ. ಇಪ್ಪತ್ತನೆಯ ಶತಮಾನದಲ್ಲಿ ಪಾಲನಪುರದ ಜೈನ ಕುಟುಂಬಗಳು ಜಗತ್ತಿನ ವಜ್ರವ್ಯಾಪಾರದಲ್ಲಿ ಪ್ರಮುಖ ಸ್ಥಾನ ಪಡೆದವು. ಕಿಂಬರ್ಲಿಯ ಅಂದಿನ ಸೌದೆಗೂ ಇಂದಿನ ವರ್ತಕನಿಗೂ ನೇರ ಸಂಬಂಧವಿಲ್ಲ. ಆದರೂ ಕೈಯಲ್ಲಿರುವ ಕಲ್ಲು ಯಾವ ನೆಲದಿಂದ ಬಂದಿತು, ಅದನ್ನು ತೆಗೆಯಲು ಏನು ಉರಿಯಿತು ಎಂದು ಕೇಳುವುದು ವರ್ತಕನಿಗೆ ಶೋಭೆಯೇ ಹೊರತು ಅಪಮಾನವಲ್ಲ.

ಈ ಪ್ರಶ್ನೆಯನ್ನು ಮನೆಯಲ್ಲಿಯೂ ಬಸದಿಯ ಟ್ರಸ್ಟಿನಲ್ಲಿಯೂ ಕೇಳಿಕೊಳ್ಳಬಹುದು. ಮಹೋತ್ಸವದ ಅಡುಗೆಗೆ ಬಂದ ಸೌದೆ ಒಣಗಿ ಬಿದ್ದುದೋ, ನಿಂತ ಹಸಿ ಮರವೋ? ಮದುವೆಯ ಊಟದ ಇದ್ದಲು ಎಲ್ಲಿಯದು, ಅದು ಅಗತ್ಯವೋ ಆಡಂಬರವೋ? ಅನ್ನದಾನದ ಅಡುಗೆಮನೆಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಹೊಗೆ ಹೋಗುವ ದಾರಿಯಿದೆಯೆ? ಕಡಿಮೆ ಸೌದೆಯಿಂದ ಹೆಚ್ಚು ಉರಿ ಕೊಡುವ ಒಲೆಯೊಂದನ್ನು ಬಡಮನೆಗೆ ಕೊಡಿಸಿದರೆ ಅದು ವೃಕ್ಷಕ್ಕೂ ಅಭಯದಾನ, ತಾಯಿಗೂ ಅಭಯದಾನ. ಸೌದೆ ಕೊಡವಿ ಇರುವೆಯನ್ನು ಉಳಿಸಿದ ಹಿರಿಯರು ಕಣ್ಣಿಗೆ ಕಂಡ ಹಿಂಸೆಯನ್ನು ತಡೆದರು. ಕಣ್ಣಿಗೆ ಕಾಣದಷ್ಟು ದೂರಕ್ಕೆ ಸರಿದಿರುವ ಹಿಂಸೆಯನ್ನು ವಿಚಾರಿಸಿ ಕಾಣುವುದು, ಕಂಡುದನ್ನು ತಮ್ಮ ಪಾಲಿನಷ್ಟಾದರೂ ತಗ್ಗಿಸುವುದು ಈಗಿನವರ ಕರ್ತವ್ಯ.